ನಿಲ್ಲದ ಕರಾರು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವಳ ಅತ್ತೆ ಒಮ್ಮೆ ಬೈದದ್ದು ಎದುರಿನ ಬೇಕರಿಯವನ ಕಿವಿಗೆ ಬಿತ್ತು. ಅವನು ಸುಮ್ಮನಿರುವ ಪೈಕಿಯಲ್ಲ. ಒಂದು ವಾರದೊಳಗೆ ಇಡೀ ಬೀದಿಗೆ ಅವಳು ಚಕ್ರಕ್ಕ ಆಗಿಬಿಟ್ಟಳು. ಕೆಲಸ ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವುದು. ಜನ ಆರಾಮಾಗಿ ಕೂರಲಿ ಎಂದು ಬೆಳಗಿನಿಂದ ಸಂಜೆಯ ತನಕ ದುಡಿಯುವ ಈ ಹೆಂಗಸು ತಾನು ಕೂತದ್ದನ್ನು ಕಂಡವರೇ ಇರಲಿಲ್ಲ. ಚಹಾ ಕುಡಿಯುವುದು ನಿಂತು. ಊಟ ಮಾಡುವುದು ಅಂಗಡಿಯ ಬಾಗಿಲಿಗೂ ಹಿತ್ತಿಲಿನ ಬಾಗಿಲಿಗೂ ಓಡಾಡುತ್ತ. ಬಾಯಿಯ ಒಂದು ಮೂಲೆಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಇನ್ನೊಂದು ಮೂಲೆಯಿಂದ ಗಿರಾಕಿಗೆ ಉತ್ತರ ಕೊಡುವುದು ಅವಳಿಗೆ ಸಲೀಸಾಗಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ. ಅಂಗಡಿ ಅವಳದು, ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯೂ ಅವಳದು. ಗಂಡ ತೀರಿಕೊಂಡ ಮೇಲೆ ಸುತ್ತಿಗೆ ಕೈಗೆತ್ತಿಕೊಂಡ ಗಟ್ಟಿಗಿತ್ತಿ. ಚಕ್ರಕ್ಕನಿಗೆ ಇಪ್ಪತ್ತೆಂಟಾಗಿದ್ದಾಗ, ಮದುವೆ ಇನ್ನೇನು ನಾಲ್ಕು ದಿನ ಇದೆ ಎನ್ನುವಾಗ, ಹುಡುಗ ಬೇರೆ ಯಾರ ಜೊತೆಗೋ ಊರು ಬಿಟ್ಟ. ಅಳಲಿಕ್ಕೂ ಪುರುಸೊತ್ತು ಕೊಡದ ನೆಂಟರ ಕಾಟ ತಾಳಲಾರದೆ ಅವಳು ಒಂದು ಚೀಲ ಹಿಡಿದು ಅತ್ತೆಯ ಮನೆಗೆ ಬಂದಿದ್ದಳು.

ಅತ್ತೆಗೂ ಆಗ ಗಾಯ ಹಸಿಯಾಗಿತ್ತು. ಮಗಳಂತೆ ಕೂರಿಸಿಕೊಂಡು ಕಸುಬು ಕಲಿಸಿದ್ದ ಹುಡುಗಿಯೊಬ್ಬಳು ಮದುವೆಯಾಗಿ, ಎರಡೇ ಬೀದಿ ಆಚೆ ಗಂಡನ ಜೊತೆ ಅದೇ ವ್ಯಾಪಾರ ತೆರೆದು, ಅರ್ಧ ಗಿರಾಕಿಗಳನ್ನು ಎಳೆದುಕೊಂಡು ಹೋಗಿದ್ದಳು. ಹಾಗಾಗಿ ಅತ್ತೆ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದಳು: "ಕಸುಬು ಕಲಿಸ್ತೀನಿ. ನನ್ನ ನಂತರ ಅಂಗಡಿ, ಮನೆ ಎರಡೂ ನಿನಗೇ. ಆದರೆ ಮದುವೆ ಅನ್ನೋ ಮಾತು ಈ ಹೊಸ್ತಿಲು ದಾಟಿ ಒಳಗೆ ಬರಬಾರದು. ಬಾಯಿಮಾತು ನಾನು ನಂಬಲ್ಲ. ಬರೆದು ಕೊಡಬೇಕು."

"ಮದುವೆ ಯಾರಿಗೆ ಬೇಕಾಗಿದೆ ಅತ್ತೆ? ಎಲ್ಲಿ ಸಹಿ ಹಾಕಬೇಕು ಅಷ್ಟು ಹೇಳಿ," ಎಂದಳು ಅವಳು.

ಕೋರ್ಟಿನ ಹೊರಗೆ ಕೊಡೆಯ ಕೆಳಗೆ ಕೂರುವ ಟೈಪಿಸ್ಟನ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ ಹೊಡೆಸಿದರು. ಸದರಿ ಸೊಸೆಯು ಜೀವಮಾನ ಪರ್ಯಂತ ಮದುವೆಯಾಗತಕ್ಕದ್ದಲ್ಲ. ಅದಕ್ಕೆ ಪ್ರತಿಯಾಗಿ ಸದರಿ ಅತ್ತೆಯು ಸದರಿ ಅಂಗಡಿಯನ್ನೂ ಮನೆಯನ್ನೂ ಪರರಿಗೆ ಮಾರತಕ್ಕದ್ದಲ್ಲ, ತನ್ನ ನಂತರ ಸದರಿ ಸೊಸೆಗೇ ಸೇರತಕ್ಕದ್ದು. ಬೇಕರಿಯವನೂ ಪಕ್ಕದ ಕ್ಷೌರದಂಗಡಿಯವನೂ ಸಾಕ್ಷಿ ಹಾಕಿದರು. ಆಮೇಲೆ ಎಷ್ಟೋ ದಿನ ಅತ್ತೆ ಸೊಸೆಗೆ ಅದೇ ತಮಾಷೆ. "ಸದರಿ ಚಹಾ ಆರಿಹೋಗ್ತಾ ಇದೆ ಕಣೇ." "ಸದರಿ ಕತ್ತರಿ ಎಲ್ಲಿಟ್ರಿ ಅತ್ತೆ?"

ಹೀಗೆ ಹತ್ತು ಹನ್ನೆರಡು ವರ್ಷ ಸರಿದವು. ಚಕ್ರಕ್ಕನ ಕೈ ಪಳಗಿತು. ಅತ್ತೆಯ ಮೊಣಕಾಲು ಸವೆಯಿತು. ಕಾಗದದ ನೆನಪು ಇಬ್ಬರಿಗೂ ಬರುತ್ತಿರಲಿಲ್ಲ ಎಂದಲ್ಲ. ಅದರ ಬಗ್ಗೆ ಮಾತಾಡುವ ಸಂದರ್ಭ ಬರಲಿಲ್ಲ, ಅಷ್ಟೆ.

ಸಂದರ್ಭ ಒಂದು ಮಧ್ಯಾಹ್ನ ಬಸ್ಸಿನ ಡ್ರೈವರ್ ಸೀಟನ್ನು ಹೆಗಲ ಮೇಲೆ ಹೊತ್ತುಕೊಂಡು ಬಂತು. ಹೊತ್ತವನು ಐವತ್ತರ ಹತ್ತಿರದ ಗಂಡಸು, ಮೈಮೇಲೆ ಖಾಕಿ, ಮುಖದಲ್ಲಿ ಬೆವರು.

"ಅಮ್ಮಾ, ಇದಕ್ಕೇನಾದ್ರೂ ಮಾಡಿ. ಡಿಪೋದವರು ಒಂದು ವರ್ಷದಿಂದ ನಾಳೆ ನಾಳೆ ಅಂತಿದಾರೆ. ನನ್ನ ಸೊಂಟ ಅವರ ನಾಳೆವರೆಗೂ ತಡೆಯಲ್ಲ."

"ಅಮ್ಮಾ ಅನ್ನಬೇಡಿ. ನಿಮಗಿಂತ ಚಿಕ್ಕೋಳು ನಾನು."

"ಹಾಗಾದ್ರೆ ಏನನ್ನಲಿ?"

"ಏನೂ ಅನ್ನಬೇಡಿ. ಸೀಟು ಇಳಿಸಿ, ಅದರ ಮೇಲೆ ಕೂತ್ಕೊಳ್ಳಿ. ಬಸ್ಸು ಓಡಿಸ್ತಿರೋ ಹಾಗೆ ಕೂರಬೇಕು. ಬೆನ್ನು ಎಲ್ಲಿ ಬಾಗುತ್ತೆ ನೋಡ್ಬೇಕು."

ಅವನು ಅಂಗಡಿಯ ನಟ್ಟನಡುವೆ ಕೂತು ಗಾಳಿಯಲ್ಲಿ ಸ್ಟೀರಿಂಗ್ ಹಿಡಿದ. ಗೇರು ಬದಲಿಸಿದ. ಅಷ್ಟಕ್ಕೇ ಬಿಡದೆ ಎದುರಿಗೆ ಬಂದ ಸೈಕಲ್ಲಿನವನಿಗೆ ಬಾಯಲ್ಲೇ ಹಾರ್ನ್ ಹೊಡೆದು, "ಏಯ್, ಮನೇಲಿ ಹೇಳಿ ಬಂದಿದೀಯೇನಯ್ಯಾ?" ಎಂದು ಬೈದ. ಮೂಲೆಯಲ್ಲಿ ಹಳೆ ಸೋಫಾದಿಂದ ಮೊಳೆ ಕೀಳುತ್ತಿದ್ದ ಅತ್ತೆ ನಕ್ಕ ನಗುವಿಗೆ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಚಕ್ರಕ್ಕ ನಗಲಿಲ್ಲ. ಬಾಯಲ್ಲಿ ಮೊಳೆಗಳಿದ್ದವು. ಆದರೆ ಅವನ ಬೆನ್ನಿನ ಬಾಗು ಅಳೆಯುವಾಗ ಟೇಪು ಎರಡು ಸಲ ಕೈಜಾರಿತು.

ಸೀಟು ಸರಿಹೋಯಿತು, ಡ್ರೈವರ್ ಬರುವುದು ನಿಲ್ಲಲಿಲ್ಲ. ಒಮ್ಮೆ ದಿಂಬು, ಒಮ್ಮೆ ಯಾರದೋ ಮುರುಕು ಸ್ಟೂಲು, ಒಮ್ಮೆ ಬರೀ ಬಾಯಿ ಮಾತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. "ಎಷ್ಟೊಂದು ಊರು ಸುತ್ತೋನು ನಾನು, ಆದ್ರೆ ಕೂತೇ ಸುತ್ತೋದು. ನೀವು ನಿಂತಲ್ಲಿ ನಿಲ್ಲಲ್ಲ, ಆದ್ರೆ ಈ ಬೀದಿ ದಾಟಿದ್ದು ನಾನು ನೋಡಿಲ್ಲ," ಎಂದ ಒಂದು ದಿನ. ಅದು ಅವಳಿಗೆ ಚುಚ್ಚಿತು. ಮುಂದಿನ ಭಾನುವಾರ ಅವನ ಬಸ್ಸು ಹತ್ತಿ ಕೊನೆಯ ಸ್ಟಾಪಿನ ತನಕ ಹೋದಳು. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಅವನು ಸೀಟಿನಲ್ಲಿ ಹಿಂದಕ್ಕೆ ತಿರುಗಿ ನೇರವಾಗಿ ಕೇಳಿಯೇಬಿಟ್ಟ, ತನ್ನನ್ನು ಮದುವೆಯಾಗುತ್ತೀರಾ ಎಂದು.

ಅವಳು ಎದ್ದು ಬಸ್ಸಿನ ಹಿಂಬದಿಯ ತನಕ ನಡೆದುಹೋಗಿ ವಾಪಸು ಬಂದಳು. "ಆಗಲ್ಲ."

"ನಾನು ಇಷ್ಟ ಇಲ್ವಾ?"

"ಇಷ್ಟ ಇದೆ."

"ಮತ್ತೇನು?"

"ಬರೆದು ಕೊಟ್ಟಿದೀನಿ."

ಅವನಿಗೆ ತಲೆಬುಡ ಗೊತ್ತಾಗಲಿಲ್ಲ. ಅವಳು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೂ ಗೊತ್ತಾಗಲಿಲ್ಲ. "ಇಂಥದ್ದನ್ನೂ ಬರೆದು ಕೊಡ್ತಾರಾ?" ಎಂದಷ್ಟೇ ಕೇಳಿ, ಬಸ್ಸು ತಿರುಗಿಸಿದ.

ಅಲ್ಲಿಂದ ಶುರುವಾಯಿತು ಅವಳ ಒದ್ದಾಟ. ಮೊದಲಾದರೋ ಕಾಲು ಮಾತ್ರ ನಿಲ್ಲುತ್ತಿರಲಿಲ್ಲ, ಈಗ ತಲೆಯೂ ನಿಲ್ಲಲಿಲ್ಲ. ಅಳತೆ ಬರೆದಿಟ್ಟದ್ದನ್ನು ಮತ್ತೆ ಅಳೆಯುವಳು. ಮೇಲಿನ ಮನೆಗೆ ಏನೋ ತರಲು ಹತ್ತಿ, ಏನೆಂದು ಮರೆತು, ಕಿಟಕಿಯ ಹತ್ತಿರ ನಿಂತು, ಬರಿಗೈಯಲ್ಲಿ ಇಳಿಯುವಳು. ಟ್ರಂಕಿನ ತಳದಲ್ಲಿದ್ದ ಕಾಗದವನ್ನು ಹೊರತೆಗೆದು ಓದಿ, 'ಸದರಿ' ಬಂದಲ್ಲೆಲ್ಲ ಹಲ್ಲು ಕಚ್ಚಿ, ಮಡಚಿ ಇಡುವಳು. ಡಾಕ್ಟರೊಬ್ಬರ ಕಾಯುವ ಕೋಣೆಯ ಸೋಫಾಕ್ಕೆ ಹೂವಿನ ಬಟ್ಟೆ ಹಾಕುವಾಗ ಬಟ್ಟೆಯನ್ನೇ ಉಲ್ಟಾ ಹಿಡಿದು ಹೊಲಿದಳು. ಹೂವೆಲ್ಲ ತಲೆಕೆಳಗಾಗಿ ನೇತಾಡಿದವು.

"ಇದರ ಮೇಲೆ ಕೂರೋರು ಮನುಷ್ಯರೋ ಬಾವಲಿಗಳೋ?" ಎಂದಳು ಅತ್ತೆ. "ಏನಾಗಿದೆ ನಿನಗೆ?"

"ಏನಿಲ್ಲ ಅತ್ತೆ. ಬಿಚ್ಚಿ ಹಾಕ್ತೀನಿ."

ಆ ದಿನಗಳಲ್ಲೇ ವಕೀಲೆಯೊಬ್ಬರು ತಮ್ಮ ತಿರುಗುವ ಕುರ್ಚಿಯನ್ನು ರಿಪೇರಿಗೆ ತಂದಿದ್ದರು. ಕುರ್ಚಿ ತಲುಪಿಸುವ ನೆಪ ಮಾಡಿಕೊಂಡು ಚಕ್ರಕ್ಕ ಅವರ ಆಫೀಸಿಗೆ ತಾನೇ ಹೋದಳು. ಕೋಣೆಯ ತುಂಬ ಫೈಲುಗಳು, ಕಿಟಕಿಯ ಮೇಲೆ ಒಣಗಿದ ಗಿಡ. ವಕೀಲೆ ಕುರ್ಚಿಯಲ್ಲಿ ಕೂತು ಎರಡು ಸುತ್ತು ತಿರುಗಿ ಖುಷಿಪಟ್ಟರು.

"ಮೇಡಂ, ನನ್ನ ಗೆಳತಿ ಒಬ್ಬಳಿದಾಳೆ," ಎಂದು ಚಕ್ರಕ್ಕ ಶುರುಮಾಡಿದಳು.

"ಗೆಳತಿಗೆ ಕೂತ್ಕೊಳ್ಳೋಕೆ ಹೇಳಿ," ಎಂದು ವಕೀಲೆ ಎದುರಿನ ಕುರ್ಚಿ ತೋರಿಸಿದರು.

ಅವಳು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಎಲ್ಲವನ್ನೂ ಹೇಳಿದಳು. ವಕೀಲೆ ಕೊನೆಯ ತನಕ ಕೇಳಿ, ತಲೆಯಾಡಿಸಿದರು.

"ಆ ಕಾಗದ ನಿಲ್ಲಲ್ಲ. ವಯಸ್ಸಿಗೆ ಬಂದೋರು ಮದುವೆನೇ ಆಗಬಾರದು ಅಂತ ಮಾಡ್ಕೊಂಡ ಕರಾರನ್ನ ನಮ್ಮ ಕಾನೂನು ಕರಾರು ಅಂತಾನೇ ಒಪ್ಪಲ್ಲ. ಮಾಡಿದ್ದಕ್ಕೆ ಜೈಲೇನಿಲ್ಲ, ತಪ್ಪು ಮಾಡಿದ್ರಿ ಅಂತ ಯಾರೂ ಹಿಡಿಯಲ್ಲ. ಆದ್ರೆ ಅದನ್ನ ಹಿಡಿದು ಕೋರ್ಟಿಗೆ ಹೋದ್ರೆ ಜಡ್ಜು ಓದಿ ಪಕ್ಕಕ್ಕಿಡ್ತಾರೆ. ಅನೂರ್ಜಿತ ಅಂತೀವಿ."

"ಹಾಗಂದ್ರೆ?"

"ಹುಟ್ಟೇ ಇಲ್ಲ ಅಂತ."

"ಹುಟ್ಟೇ ಇಲ್ಲದ್ದು ಇಷ್ಟು ವರ್ಷ ನನ್ನ ತಲೆ ಮೇಲೆ ಕೂತಿತ್ತಾ?" ಗೆಳತಿಯ ವಿಷಯ ಅವಳಿಗೆ ಮರೆತೇಹೋಗಿತ್ತು. "ಮುದ್ರೆ ಇದೆ ಮೇಡಂ! ಇಬ್ಬರು ಸಾಕ್ಷಿ ಹಾಕಿದಾರೆ!"

"ನಾಳೆಯಿಂದ ಉಸಿರಾಡಲ್ಲ ಅಂತ ಬರೆಸಿದ್ರೂ ಆ ಟೈಪಿಸ್ಟ್ ಹೊಡೆದು ಕೊಡ್ತಾನೆ. ಸಾಕ್ಷಿಗೂ ಜನ ಸಿಗ್ತಾರೆ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. "ಮತ್ತೆ ಅಂಗಡಿ? ಮನೆ? ಅವೂ ಅದೇ ಕಾಗದದಲ್ಲಿವೆ."

ವಕೀಲೆ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದರು. "ನೀವು ಮದುವೆ ಆಗದೇ ಇರೋದಕ್ಕೆ ಪ್ರತಿಯಾಗಿ ತಾನೇ ಅವರು ಅಂಗಡಿ ಕೊಡ್ತೀನಿ ಅಂದಿದ್ದು? ಒಂದು ಬಿದ್ರೆ ಇನ್ನೊಂದೂ ಬೀಳುತ್ತೆ. ನಿಮ್ಮನ್ನ ಕಟ್ಟಿಹಾಕಲ್ಲ, ಅವರನ್ನೂ ಕಟ್ಟಿಹಾಕಲ್ಲ. ಅವರಾಗೇ ಪ್ರೀತಿಯಿಂದ ಕೊಟ್ರೆ ಬೇರೆ ಮಾತು."

ಬಂದ ದಾರಿಯಲ್ಲೇ ವಾಪಸು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಗೊತ್ತಿಲ್ಲದ ಬೀದಿಗಳಲ್ಲಿ ನಡೆದಳು. ಖುಷಿ ಪಡಬೇಕೋ, ಅತ್ತೆಯ ಮೇಲೆ ಸಿಟ್ಟಾಗಬೇಕೋ, ತನ್ನ ಬಗ್ಗೆ ತಾನೇ ನಾಚಬೇಕೋ ತಿಳಿಯಲಿಲ್ಲ. ಮೂರೂ ಒಟ್ಟಿಗೆ ಬಂದು ಒಂದನ್ನೊಂದು ತಳ್ಳಾಡಿದವು. ಕೊನೆಗೆ ಮೂರನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದದ್ದು ಹೆದರಿಕೆ. ಕಾಲ ಕೆಳಗೆ ಇಷ್ಟು ದಿನ ನೆಲ ಅಂದುಕೊಂಡದ್ದು ನೆಲವೇ ಅಲ್ಲವಂತೆ.

ಡ್ರೈವರ್‌ಗೆ ಹೇಳಿದಾಗ ಅವನ ಮುಖ ಅರಳಿತು. "ಹಾಗಾದ್ರೆ ಮುಗೀತಲ್ಲ! ಇನ್ನೇನು ಅಡ್ಡಿ?"

"ಅತ್ತೆಗೆ ಹೇಳಿದ್ರೆ ಅಂಗಡಿ ಕೈತಪ್ಪಿ ಹೋಗುತ್ತೆ."

"ಹೇಳಬೇಡ."

"ಹೇಳದೆ ಮದುವೆ ಆಗೋದಾ? ಕಳ್ಳರ ಹಾಗಾ?"

"ಹೇಳು ಹಾಗಾದ್ರೆ."

"ಹೇಳಿದ್ರೆ ಅಂಗಡಿ..."

"ನೋಡು," ಎಂದ ಅವನು, ದನಿ ಏರಿಸದೆ. "ನಿನಗೆ ಮದುವೆ ಯಾವತ್ತೋ ಆಗಿಬಿಟ್ಟಿದೆ. ಆ ಅಂಗಡಿ ಜೊತೆ. ನಾನು ಮಧ್ಯೆ ಬಂದೆ." ಆಮೇಲೆ ಕೆಲವು ವಾರ ಅವನು ಆ ಬೀದಿಯ ಕಡೆ ತಲೆಹಾಕಲಿಲ್ಲ. ಬಸ್ಸಿನ ಹಾರ್ನ್ ಎಲ್ಲಿ ಕೇಳಿದರೂ ಅವಳು ಕೈಯಲ್ಲಿದ್ದದ್ದು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಬೇಕರಿಯವನು ಗಲ್ಲಾದ ಹಿಂದಿನಿಂದ ನೋಡಿ, "ಯಾರು ಬರ್ಬೇಕಿತ್ತು ಚಕ್ರಕ್ಕಾ?" ಎಂದು ಕೇಳುತ್ತಿದ್ದ. "ನಿನ್ನ ಬನ್ನು ಸೀದು ಹೋಗ್ತಿದೆ ನೋಡ್ಕೋ ಹೋಗು," ಎಂದು ಅವಳು ಒಳಗೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ಇನ್ನು ತಡೆಯಲಾಗಲಿಲ್ಲ. ಅತ್ತೆ ಸಣ್ಣ ಮಣೆಯ ಮೇಲೆ ಕಾಲು ಚಾಚಿ ಕೂತು ಹಳೆ ಕುರ್ಚಿಯ ತೆಂಗಿನ ನಾರು ಬಿಡಿಸುತ್ತಿದ್ದಳು. ಧೂಳು ಬೆಳಕಿನಲ್ಲಿ ಹಾರುತ್ತಿತ್ತು.

"ಅತ್ತೆ, ನಾವು ಬರೆಸಿದ ಆ ಕಾಗದ ನಿಲ್ಲಲ್ಲವಂತೆ. ವಕೀಲರನ್ನ ಕೇಳಿದೆ."

ಅತ್ತೆಯ ಕೈ ನಿಂತಿತು. "ಆ ಬಸ್ಸಿನವನಾ?"

"ಹೂಂ."

"ಅದು ನನಗೆ ಅವನು ಹಾರ್ನ್ ಹೊಡೆದ ದಿನವೇ ಗೊತ್ತಾಗಿತ್ತು."

ಇನ್ನು ಆಕಾಶ ಭೂಮಿ ಒಂದಾಗುತ್ತದೆ ಎಂದು ಚಕ್ರಕ್ಕ ಮೇಜಿನ ಅಂಚು ಹಿಡಿದು ಕಾದಳು. ಅತ್ತೆ ಮಾತ್ರ ನಾರಿನ ಉಂಡೆಯನ್ನು ನೋಡುತ್ತ ಕೂತಿದ್ದಳು. ಆಮೇಲೆ ನಿಧಾನವಾಗಿ ಕೇಳಿದಳು: "ನಿಲ್ಲಲ್ಲ ಅಂದ್ರೆ, ನಿನ್ನ ಕಡೆಯಿಂದ ಮಾತ್ರನಾ? ನಾನು ಮಾರಬಾರದು ಅಂತ ಇತ್ತಲ್ಲ, ಅದು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯ ತನಕ ಬಂದೂ ಇತ್ತು. "ಅದೂ ನಿಲ್ಲಲ್ಲ ಅತ್ತೆ."

ಅತ್ತೆಯ ಕಣ್ಣಲ್ಲಿ ಒಂದು ಬೆಳಕು ಬಂದದ್ದನ್ನು ಅವಳು ನೋಡಿದಳು. ಅಂಥದ್ದನ್ನು ಆ ಮುಖದಲ್ಲಿ ಅವಳು ಹಿಂದೆಂದೂ ಕಂಡಿರಲಿಲ್ಲ.

"ಪಕ್ಕದ ಹಾಸಿಗೆ ಶೋರೂಮಿನವನು ಎಷ್ಟು ಸಲ ಬಂದು ಕೇಳಿದ ಗೊತ್ತಾ? ಪ್ರತಿ ಸಲವೂ ಆಗಲ್ಲ ಅಂದೆ. ಬರೆದು ಕೊಟ್ಟಿದೀನಿ ಅಂದೆ. ನನ್ನ ತಂಗಿ ಸಮುದ್ರದ ಹತ್ತಿರ ಒಬ್ಬಳೇ ಇದಾಳೆ, ಬಾ ಅಕ್ಕಾ, ಇಬ್ಬರೂ ಇದ್ದುಬಿಡೋಣ ಅಂತ ವರ್ಷ ವರ್ಷ ಕರೀತಾಳೆ. ಈ ಮೆಟ್ಟಿಲು ಹತ್ತೋಕೆ ನನ್ನ ಕೈಲಿ ಆಗಲ್ಲ ಕಣೇ. ಹತ್ತುವಾಗೆಲ್ಲ ಅಂದ್ಕೋತಿದ್ದೆ, ಇವಳಿಗೋಸ್ಕರ ನಾನಿಲ್ಲಿ ಸಿಕ್ಕಿಹಾಕ್ಕೊಂಡೆ ಅಂತ."

"ನಾನೂ ನಿಮ್ಮನ್ನ ನೋಡಿದಾಗೆಲ್ಲ ಅದನ್ನೇ ಅಂದ್ಕೋತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಅತ್ತೆ. ಧೂಳು ಗಂಟಲಿಗೆ ಹೋಗಿ ಕೆಮ್ಮು ಹತ್ತಿತು, ಚಕ್ರಕ್ಕ ನೀರು ತಂದುಕೊಟ್ಟಳು. ಆ ಕ್ಷಣದಲ್ಲಿ ಎಲ್ಲ ಸರಿಹೋಯಿತು ಎಂದೇ ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅತ್ತೆ ಒಳ್ಳೆ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು, ಪಕ್ಕದ ಶೋರೂಮಿಗೆ ಹೋದಳು. ತಿರುಗಿ ಬಂದಾಗ ಅಂಗಡಿ, ಮನೆ ಎರಡನ್ನೂ ಮಾರುವ ಮಾತುಕತೆ ಮುಗಿದಿತ್ತು.

ಚಕ್ರಕ್ಕನಿಗೆ ಬಂದ ಸಿಟ್ಟು ಅಂತಿಂಥದ್ದಲ್ಲ. ಅರ್ಧ ಆಗಿದ್ದ ಕೆಲಸಗಳನ್ನೆಲ್ಲ ಹಾಗೇ ಬಿಟ್ಟು, ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. "ಒಂದು ಮಾತು ಕೇಳಬಾರದಿತ್ತಾ ಅತ್ತೆ?" ಎಂದದ್ದಕ್ಕೆ ಅತ್ತೆ, "ವಕೀಲರ ಹತ್ತಿರ ಹೋಗುವಾಗ ನೀನು ನನ್ನ ಕೇಳಿದ್ಯಾ?" ಎಂದಳು. ಆ ಮಾತು ನಿಜವಾದದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಮತ್ತೆ ವಕೀಲೆಯ ಆಫೀಸಿಗೆ ಓಡಿದಳು.

"ಇಷ್ಟು ವರ್ಷ ಆ ಕಾಗದ ನಂಬಿ ನಾನು ಒಂಟಿಯಾಗಿದ್ದೆ ಮೇಡಂ. ಅದಕ್ಕೇನೂ ಇಲ್ವಾ?"

"ಕೆಲಸಕ್ಕೆ ಸಂಬಳ ತಗೊಂಡಿದೀರಾ?"

"ವಾರ ವಾರ ಕೊಡ್ತಿದ್ರು. ಅದರಲ್ಲಿ ಮೋಸ ಇಲ್ಲ."

"ಬಾಕಿ ಇದ್ದಿದ್ರೆ ಕೇಳಬಹುದಿತ್ತು. ಮದುವೆ ಆಗದೆ ಇದ್ದದ್ದಕ್ಕೆ ಕೂಲಿ ಕೊಡಿಸೋ ಕೋರ್ಟು ನನಗೆ ಗೊತ್ತಿಲ್ಲ." ವಕೀಲೆ ಮುಂದಿದ್ದ ಫೈಲು ಮುಚ್ಚಿಟ್ಟು ಕೇಳಿದರು: "ನಿಮಗೆ ಅವರ ಜೊತೆ ಜಗಳ ಆಡಬೇಕಾ, ಇಲ್ಲಾ ಮದುವೆ ಆಗಬೇಕಾ?"

ಚಕ್ರಕ್ಕ ಅಲ್ಲಿಂದ ನೇರ ಡಿಪೋಗೆ ಹೋದಳು. ಅವನ ಬಸ್ಸು ಬಂದಿರಲಿಲ್ಲ. ಬರುವ ಬಸ್ಸುಗಳ ಮಧ್ಯೆ ಅತ್ತಿತ್ತ ತಿರುಗುತ್ತಿದ್ದವಳನ್ನು ನೋಡಿ ಕಾವಲುಗಾರ ಎರಡು ಸಲ ಪಕ್ಕಕ್ಕೆ ಹೋಗಿ ಎಂದ. ಕೊನೆಗೆ ಬಸ್ಸು ಬಂತು. ಅವನು ಇಳಿಯುವ ಮೊದಲೇ ಅವಳು ಕಿಟಕಿಯ ಕೆಳಗೆ ನಿಂತು, "ಅಂಗಡಿ ಹೋಯ್ತು, ಮನೆ ಹೋಯ್ತು. ನನ್ನ ಹತ್ತಿರ ಈಗ ಏನೂ ಇಲ್ಲ. ಈಗಲೂ ಬೇಕಾ?" ಎಂದಳು.

ಅವನು ಬಸ್ಸನ್ನು ಆಫ್ ಮಾಡಿದ. "ಇಷ್ಟು ಜೋರಾಗಿ ಕೇಳಿದ್ರೆ ಬೇಡ ಅನ್ನೋಕಾಗುತ್ತಾ? ಕಂಡಕ್ಟರ್ ಎದುರಿಗೇ ಇದಾನೆ."

ಅಂಗಡಿ ಖಾಲಿ ಮಾಡುವ ದಿನಗಳು ಕಷ್ಟದವು. ಅತ್ತೆ ಸೊಸೆ ಮಾತಾಡುತ್ತಿದ್ದದ್ದು ಮೂಟೆ, ಹಗ್ಗ, ಪೊರಕೆಯ ಬಗ್ಗೆ ಮಾತ್ರ. ಗಿರಾಕಿಗಳ ಕುರ್ಚಿಗಳು ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ದಪ್ಪ ಬಟ್ಟೆ, ಚರ್ಮ ಹೊಲಿಯುವ ದೊಡ್ಡ ಮೆಷಿನ್ನು. ಶೋರೂಮಿನವನು ಅದನ್ನೂ ಕೇಳಿದ್ದ. ಅತ್ತೆ ಕೊಟ್ಟಿರಲಿಲ್ಲ.

"ಇದು ನಿನಗೆ," ಎಂದಳು.

"ಯಾಕೆ? ಯಾವ ಲೆಕ್ಕಕ್ಕೆ?"

"ಯಾವ ಲೆಕ್ಕಕ್ಕೂ ಅಲ್ಲ. ಕೊಡಬೇಕು ಅನ್ನಿಸ್ತು, ಕೊಟ್ಟೆ. ಬೇಡ ಅಂದ್ರೆ ಇಲ್ಲೇ ತುಕ್ಕು ಹಿಡೀಲಿ."

ಚಕ್ರಕ್ಕ ಬೇಡ ಎಂದಳು. ಮಾರನೆ ದಿನವೂ ಬೇಡ ಎಂದಳು. ಅದರ ಮಾರನೆ ದಿನ ಡ್ರೈವರ್ ಕೈಗಾಡಿ ತಂದು, ಅವರಿಬ್ಬರನ್ನೂ ಕೇಳದೆ ಮೆಷಿನ್ನು ಹೇರಿಕೊಂಡು ಹೋದ.

ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಸಹಿ ಹಾಕುವ ಮೊದಲು ವಧು ಪುಸ್ತಕದ ಆ ಪುಟವನ್ನು ಮೇಲಿನಿಂದ ಕೆಳಗೆ ಓದಿ, "ಇದು ನಿಲ್ಲುತ್ತೆ ತಾನೇ?" ಎಂದು ಕೇಳಿದ್ದು ಆ ಅಧಿಕಾರಿಗೆ ಬಹಳ ದಿನ ನೆನಪಿದ್ದಿರಬೇಕು. ಅತ್ತೆ ಬರಲಿಲ್ಲ. ಆ ಹೊತ್ತಿಗಾಗಲೇ ತಂಗಿಯ ಊರಿಗೆ ಹೋಗಿಯಾಗಿತ್ತು.

ಡಿಪೋದ ಹಿಂದೆ ತಗಡಿನ ಶೆಡ್ಡೊಂದು ಬಾಡಿಗೆಗೆ ಸಿಕ್ಕಿತು. ಬಿಸಿಲಿಗೆ ಒಲೆಯ ಹಾಗೆ ಕಾಯುತ್ತಿತ್ತು. ಹಳೆ ಗಿರಾಕಿಗಳು ಅಷ್ಟು ದೂರ ಬರಲಿಲ್ಲ. ಮೊದಲ ತಿಂಗಳುಗಳಲ್ಲಿ ಅವಳು ದಿನಕ್ಕೆ ಹತ್ತು ಸಲ ಶೆಡ್ಡಿನಿಂದ ಹೊರಬಂದು ರಸ್ತೆ ನೋಡಿ ಒಳಗೆ ಹೋಗುತ್ತಿದ್ದಳು. ಹಾಸಿಗೆ ಶೋರೂಮಿನವನು ಹಳೆ ಅಂಗಡಿಯ ಗೋಡೆ ಒಡೆದು ಗಾಜು ಹಾಕಿದ್ದಾನೆಂದು ಕೇಳಿದ ಮೇಲೆ ಆ ಬೀದಿಗೆ ಹೋಗುವುದನ್ನೇ ಬಿಟ್ಟಳು. ಗಂಡನ ಜೊತೆ ಸಣ್ಣಪುಟ್ಟದಕ್ಕೂ ಹರಿಹಾಯ್ದಳು. ತಪ್ಪು ಮಾಡಿದೆನೇ ಎಂದು ಅವನನ್ನೇ ಕೇಳಿದಳು. "ಗೊತ್ತಿಲ್ಲ," ಎಂದ ಅವನು. "ನನ್ನ ಸೊಂಟ ಮಾತ್ರ ಈಗ ಚೆನ್ನಾಗಿದೆ." ನಿಧಾನಕ್ಕೆ ಉಳಿದ ಡ್ರೈವರುಗಳೂ ತಮ್ಮ ಸೀಟು ಕಳಚಿ ತರತೊಡಗಿದರು. ಆಮೇಲೆ ಖಾಸಗಿ ಬಸ್ಸಿನವರೂ ಬಂದರು.

ಅತ್ತೆ ಫೋನು ಮಾಡಿದ್ದು ಒಂದು ವರ್ಷದ ಮೇಲೆ. ಹೇಗಿದೀಯ ಎಂದು ಕೇಳಲಿಲ್ಲ. ಇಲ್ಲಿ ಎಲ್ಲಾ ಒದ್ದೆ ಒದ್ದೆ, ಉಪ್ಪುಗಾಳಿಗೆ ಸೂಜಿಗಳೆಲ್ಲ ತುಕ್ಕು, ತಂಗಿ ಗೊರಕೆ ಹೊಡೆಯುತ್ತಾಳೆ ಎಂದು ದೂರು ಹೇಳಿ, ಕೊನೆಗೆ "ಒಂದ್ಸಲ ಬಂದು ಹೋಗು" ಎಂದಳು. ಚಕ್ರಕ್ಕ ಹೋದಳು.

ಸಂಜೆ ಇಬ್ಬರೂ ದಂಡೆಯ ಮೇಲೆ ನಡೆದರು. ಅತ್ತೆಯ ಕಾಲು ಮರಳಿನಲ್ಲಿ ಹೂತು ಹೂತು ಬರುತ್ತಿತ್ತು. ಅಷ್ಟಾದರೂ ಅವಳ ಮುಖದಲ್ಲಿ ಮೆಟ್ಟಿಲು ಹತ್ತುವಾಗಿನ ಆ ಗಂಟು ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಕೇಳಿದಳು: "ಅವತ್ತೇ ಆ ಟೈಪಿಸ್ಟ್ ಇದು ನಡೆಯಲ್ಲಮ್ಮಾ ಅಂತ ಹೇಳಿಬಿಟ್ಟಿದ್ರೆ ನೀನು ಇರ್ತಿದ್ಯಾ?"

"ಇರ್ತಿದ್ದೆ. ಎಲ್ಲಿಗೆ ಹೋಗ್ಲಿ ಅತ್ತೆ ಆಗ? ಆದ್ರೆ ಇಷ್ಟು ದಿನ ಅಲ್ಲ." ಅವಳು ಯೋಚಿಸಿ ಕೇಳಿದಳು: "ನೀವು ಕಸುಬು ಕಲಿಸ್ತಿದ್ರಾ?"

"ಇಲ್ಲ," ಎಂದಳು ಅತ್ತೆ ತಕ್ಷಣ. ಆಮೇಲೆ, "ಗೊತ್ತಿಲ್ಲ. ಕಲಿಸ್ತಿದ್ದೆನೋ ಏನೋ. ನಿನ್ನ ಕೈ ಚೆನ್ನಾಗಿತ್ತು."

ಅತ್ತೆ ಸುಸ್ತಾಗಿ ಒಂದು ದೋಣಿಯ ಅಂಚಿಗೆ ಕೂತಳು. ಪಕ್ಕದ ಜಾಗ ತೋರಿಸಿ ಕೂರು ಎಂದಳು. ಚಕ್ರಕ್ಕ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ನೀರಿನ ತನಕ ಹೋಗಿ, ಪಾದ ನೆನೆಸಿಕೊಂಡು ಬಂದಳು. ಇನ್ನೆರಡು ದಿನ ಇರು ಎಂದು ಅಕ್ಕ ತಂಗಿ ಇಬ್ಬರೂ ಒತ್ತಾಯ ಮಾಡಿದರು. ಶೆಡ್ಡಿನಲ್ಲಿ ಒಂದು ಬಸ್ಸಿನ ಪೂರ್ತಿ ಸೀಟುಗಳು ಬಿಚ್ಚಿ ಹರಡಿಕೊಂಡು ಬಿದ್ದಿದ್ದವು. ಮಾರನೆ ಬೆಳಗಿನ ಮೊದಲ ಬಸ್ಸಿಗೆ ಅವಳು ಹೊರಟಳು.